ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ ಅಂತ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ

ವಿದೇಶದಲ್ಲಿದ್ದು ಮನೆಯಿಂದ ಪಾರ್ಸೆಲ್ ತರಿಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಊರಲ್ಲಿರುವ ಅಪ್ಪ ಅಮ್ಮನಿಗೂ ಓದಿ ಹೇಳಿ, ಏಕೆಂದರೆ ಈ ಕೊರಿಯರ್ ಏಜೆಂಟರು ಮೊದಲು ಹಿಡಿಯುವುದು ಅವರನ್ನೇ. ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಇದೆಲ್ಲ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಏಜೆಂಟ್ ಮನೆಗೆ ಬಂದು ಬಾಕ್ಸ್ ಒಯ್ಯುತ್ತಾನೆ, ಯಾವುದೋ ದೊಡ್ಡ ಕೊರಿಯರ್‌ನಲ್ಲಿ ಹಾಕುತ್ತಾನೆ, ನಡುವೆ ತನ್ನ ಕಮಿಷನ್ ಇಟ್ಟುಕೊಳ್ಳುತ್ತಾನೆ. ಇಟ್ಟುಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ.

ಅಮ್ಮ ಸ್ವೆಟರ್, ಪುಸ್ತಕ, ನನ್ನ ನಂಬರಿನ ಎರಡು ಕನ್ನಡಕ, ಇನ್ನೂ ಏನೇನೋ ತುಂಬಿಟ್ಟಿದ್ದಳು. ತೂಕ 11 ಕಿಲೋ. ಅವನು ಟೇಪ್ ಹಿಡಿದು ಬಾಕ್ಸ್ ಅಳೆದ. 60, 45, 40 ಸೆಂಟಿಮೀಟರ್. ಗುಣಿಸಿ 5000ದಿಂದ ಭಾಗಿಸಿದರೆ 21.6. ಹಾಗಾಗಿ 22 ಕಿಲೋ ಲೆಕ್ಕದಲ್ಲಿ ದುಡ್ಡು. ಇದು ಕೊರಿಯರ್‌ನವರ ಮಾಮೂಲಿ ಲೆಕ್ಕವೇ, ತೂಕ ಮತ್ತು ಜಾಗ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಅಮ್ಮ ಕೊಟ್ಟಳು. "ಇನ್ನೇನಾದರೂ ಕೊಡಬೇಕಾಗುತ್ತದೇನಪ್ಪಾ?" ಅಂತ ಕೇಳಿದ್ದಕ್ಕೆ, "ಎಲ್ಲಾ ಸೇರಿದೆ ಆಂಟಿ, ಅಲ್ಲಿನ ಕಸ್ಟಮ್ಸ್ ಸುಂಕ ಕೂಡ" ಅಂದನಂತೆ. ರಸೀದಿಯಲ್ಲಿ ಆ ಮಾತೇ ಇಲ್ಲ.

ಟ್ರ್ಯಾಕಿಂಗ್ ನಂಬರ್ ಕೊಟ್ಟರು. ಅದು ಅವರ ಸ್ವಂತ ವೆಬ್‌ಸೈಟಿನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಯಾವಾಗ ನೋಡಿದರೂ "ದಾರಿಯಲ್ಲಿದೆ". ಆಮೇಲೆ ಮೆಸೇಜ್ ಬಂತು: "ಮೇಡಂ, ನಿಮ್ಮ ಪಾರ್ಸೆಲ್ ನೀವಿರುವ ದೇಶದ ಕಸ್ಟಮ್ಸ್‌ನಲ್ಲಿ ಹೋಲ್ಡ್ ಆಗಿದೆ. ಕ್ಲಿಯರೆನ್ಸ್ ಚಾರ್ಜ್ ಇವತ್ತೇ ಕಟ್ಟಿ, ಇಲ್ಲದಿದ್ದರೆ ನಾಶ ಮಾಡಿಬಿಡುತ್ತಾರೆ." ಸುಂಕ ಸೇರಿದೆ ಅಂದಿದ್ದಿರಲ್ಲ ಅಂದರೆ, "ಇದು ಸುಂಕ ಅಲ್ಲ ಮೇಡಂ, ಕ್ಲಿಯರೆನ್ಸ್." ಕಟ್ಟಿದೆ. ಆಮೇಲೆ ಗೋದಾಮಿನ ಬಾಡಿಗೆ ಅಂತ ಇನ್ನೊಂದು. ಅದನ್ನು ನನ್ನ ಹತ್ತಿರ ಕೇಳಲೇ ಇಲ್ಲ, ಸೀದಾ ಅಮ್ಮನಿಗೆ ಫೋನ್ ಮಾಡಿ ಹೆದರಿಸಿ ತೆಗೆದುಕೊಂಡರು. ಮಗಳು ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಅವಳು ನನಗೆ ಹೇಳಿಯೇ ಇರಲಿಲ್ಲ.

ಕೊರಿಯರ್ ಕಂಪನಿಯ ಅಸಲಿ ಟ್ರ್ಯಾಕಿಂಗ್ ನಂಬರ್ ಕೊಡಿ ಅಂತ ಬೆನ್ನು ಬಿದ್ದೆ. "ಅದು ಆಫೀಸಿನ ಒಳಗಿನ ನಂಬರ್." "ಕಸ್ಟಮ್ಸ್ ಬಿಟ್ಟ ಮೇಲೆ ಬರುತ್ತದೆ." "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಕೊನೆಗೆ ಒಂದು ದಿನ ಫೋನ್ ಎತ್ತಿದ ಯಾರೋ ಹೊಸ ಹುಡುಗ, ಪಾಪ, ಕೇಳಿದ ತಕ್ಷಣ ನಂಬರ್ ಓದಿ ಹೇಳಿಬಿಟ್ಟ.

ಹಾಕಿ ನೋಡಿದೆ. ಒಂದೇ ಒಂದು ಸಾಲು. ಪಾರ್ಸೆಲ್ ಬುಕ್ ಆಗಿದೆ, ತಾರೀಖು ಮೊನ್ನೆಯದು, ಜಾಗ ನಮ್ಮೂರಿನದು.

ಮೊನ್ನೆ! ಇಷ್ಟು ದಿನ ಇಲ್ಲಿನ ಕಸ್ಟಮ್ಸ್‌ನಲ್ಲಿ ಕೊಳೆಯುತ್ತಿದೆ ಅಂದ ಬಾಕ್ಸ್ ಅವರ ಅಂಗಡಿ ಬಿಟ್ಟು ಹೊರಟೇ ಇರಲಿಲ್ಲ. ಹೊರಡದ ಬಾಕ್ಸಿಗೆ ಕ್ಲಿಯರೆನ್ಸ್. ಹೊರಡದ ಬಾಕ್ಸಿಗೆ ಗೋದಾಮಿನ ಬಾಡಿಗೆ. ಆ ಪರದೆ ನೋಡುತ್ತಾ ಮೈಯೆಲ್ಲ ಉರಿದುಹೋಯಿತು. ಇದರ ಮಧ್ಯೆ ನಾನು ಇಲ್ಲಿನ ಕಸ್ಟಮ್ಸ್ ಕಚೇರಿಗೆ ಮೇಲ್ ಮೇಲೆ ಮೇಲ್ ಬರೆದು, ನನ್ನ ಪಾರ್ಸೆಲ್ ಬಿಡಿ ಅಂತ ಗೋಗರೆದಿದ್ದೆ. ಅವರು ಆ ನಂಬರಿನ ಪಾರ್ಸೆಲ್ ಇಲ್ಲ ಅಂತ ಎಷ್ಟು ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರು ಗೊತ್ತಾ.

ಏಜೆಂಟನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಸಿಸ್ಟಮ್ ಅಪ್‌ಡೇಟ್ ಲೇಟ್ ಮೇಡಂ" ಅಂತ ಉತ್ತರ. ಹಾಗಾದರೆ ಕಸ್ಟಮ್ಸ್‌ನ ರಸೀದಿ ಕೊಡಿ ಅಂದೆ. "ಅದು ಕಾನ್ಫಿಡೆನ್ಷಿಯಲ್." ನನ್ನ ದುಡ್ಡಿನ ರಸೀದಿ ನನಗೇ ಗುಟ್ಟು!

ಬಾಕ್ಸ್ ಬಂತು. ಅಮ್ಮ ಕಟ್ಟಿದ ಬಾಕ್ಸೇ ಅಲ್ಲ. ಲೇಬಲ್ ಮೇಲೆ 45, 40, 35. ಲೆಕ್ಕ ಹಾಕಿ, 12.6. ಅಂದರೆ 22 ಕಿಲೋಗೆ ದುಡ್ಡು ಎಣಿಸಿಕೊಂಡು, ಬಿಚ್ಚಿ, ಚಿಕ್ಕ ಬಾಕ್ಸಿಗೆ ತುರುಕಿ, 13 ಕಿಲೋ ಲೆಕ್ಕದಲ್ಲಿ ಕಳಿಸಿದ್ದಾರೆ. ಕನ್ನಡಕ ಎರಡೂ ಇಲ್ಲ. ಒಳಗೇನಿದೆ ಅನ್ನುವ ಕಡೆ "ಹಳೆಯ ಬಟ್ಟೆ" ಅಂತ ಒಂದೇ ಸಾಲು, ಬೆಲೆ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಕಳೆದುಹೋದದ್ದಕ್ಕೆ ಪರಿಹಾರ ಕೇಳಿದರೆ ಕೊರಿಯರ್‌ನವರು ಆ ಬೆಲೆ ಮೀರಿ ಕೊಡುವುದಿಲ್ಲ ಅಂದರು. ಪುಸ್ತಕಗಳು ಇದ್ದರೂ ಪಟ್ಟಿಯಲ್ಲಿಲ್ಲ, ಸುಳ್ಳು ಹೇಳಿದವರು ಯಾರಾಗುತ್ತಾರೆ ಹೇಳಿ? ಕಳಿಸಿದವರ ಜಾಗದಲ್ಲಿ ಅಮ್ಮನ ಹೆಸರಿದೆ.

ಕನ್ನಡಕ ಎಲ್ಲಿ ಅಂತ ಅಮ್ಮ ಹೋಗಿ ಕೇಳಿದ್ದಕ್ಕೆ, "ನೀವು ಹಾಕೋಕೆ ಮರೆತಿರಬೇಕು ನೋಡಿ ಆಂಟಿ" ಅಂದರಂತೆ. ಅವಳು ಮನೆಗೆ ಬಂದು ಬೀರು ಹುಡುಕಿದ್ದಾಳೆ.

ನೀವು ಕಳಿಸುವಾಗ ಬಾಕ್ಸ್ ಮುಚ್ಚುವ ಮೊದಲು ಫೋಟೋ ತೆಗೆಸಿ, ಅಳತೆ ಬರೆಸಿ. ಕೊರಿಯರ್ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತೆರೆಯುವ ನಂಬರ್ ಸಿಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸುಂಕ ಬಿದ್ದರೆ ಸಾಮಾನ್ಯವಾಗಿ ಕೊರಿಯರ್‌ನವರೋ ಅಂಚೆಯವರೋ ನಿಮ್ಮನ್ನೇ ಕೇಳುತ್ತಾರೆ, ರಸೀದಿ ಕೊಡುತ್ತಾರೆ. ಏಜೆಂಟನ ಸ್ವಂತ ಖಾತೆಗೆ ಕಸ್ಟಮ್ಸ್ ದುಡ್ಡು ಹೋಗುವುದಿಲ್ಲ, ಹೋಗುವುದೇ ಇಲ್ಲ. ನಾನಂತೂ ಇನ್ನು ಅಂಚೆಯಲ್ಲೇ ತರಿಸುವುದು. ಅಲ್ಲಿ ಸಿಎನ್ 23 ಅನ್ನುವ ಕಸ್ಟಮ್ಸ್ ಫಾರಂನಲ್ಲಿ ಒಂದೊಂದು ವಸ್ತುವನ್ನೂ ಅಮ್ಮನೇ ಬರೆದು ಸಹಿ ಹಾಕುತ್ತಾಳೆ. ಅಂಚೆಯ ಟ್ರ್ಯಾಕಿಂಗ್ ನಂಬರಿನಲ್ಲಿ ಅಕ್ಷರ, ಅಂಕಿ ಸೇರಿ ಒಟ್ಟು 13 ಇರುತ್ತವೆ, ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಯಲ್ಲಿ ದೇಶದ ಎರಡು ಅಕ್ಷರ. ಎರಡೂ ದೇಶದ ಅಂಚೆಯಲ್ಲಿ ಅದೇ ನಂಬರ್ ಹಾಕಿ ನೋಡಬಹುದು.

ದೂರು ಕೊಡಲು ಹೊರಟರೆ ಅಲ್ಲೂ ಒಂದು ಗೋಳು. ಬುಕ್ ಮಾಡುವಾಗ ದುಡ್ಡು ಕಟ್ಟಿದವರು, ರಸೀದಿ ಇರುವವರು ಅಮ್ಮ, ಹಾಗಾಗಿ ದೂರು ಅವಳೇ ಕೊಡಬೇಕಂತೆ. ಈ ವಯಸ್ಸಿನಲ್ಲಿ ಅವಳು ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಬೇಕು. ಹೋದ ದುಡ್ಡಿಗಿಂತ ನನಗೆ ಅದಕ್ಕೇ ಜಾಸ್ತಿ ಸಿಟ್ಟು.