ಅಟ್ಲಾಂಟಿಕ್ ಜೈಂಟ್ ಕುಂಬಳ ಬೀಜ: ಬೀಜಕ್ಕೆ ಐದು ಸ್ಟಾರ್, ಬೆಳೆದವನಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಕುಂಬಳಕಾಯಿ ಸ್ಪರ್ಧೆಯ ತಕ್ಕಡಿ ಹತ್ತಲೇ ಇಲ್ಲ. ಆದರೂ ಬೀಜಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ತಪ್ಪು ಬೀಜದ್ದಲ್ಲ. ಸ್ವಲ್ಪ ಬಿಸಿಲಿನದು, ಸ್ವಲ್ಪ ಒಂದು ಪ್ಲಾಸ್ಟಿಕ್ ಟೈಮರಿನದು, ಉಳಿದಿದ್ದೆಲ್ಲಾ ನನ್ನದು.

ನಾವಿರುವುದು ಕ್ಯಾಲಿಫೋರ್ನಿಯಾದ ಎಲ್ಕ್ ಗ್ರೋವ್‌ನಲ್ಲಿ, ಸ್ಯಾಕ್ರಮೆಂಟೊ ಪಕ್ಕ. ಇಲ್ಲಿ ಅಕ್ಟೋಬರ್ ಶುರುವಿನಲ್ಲಿ ಊರಿನ ಪಾರ್ಕಿನಲ್ಲಿ ದೈತ್ಯ ಕುಂಬಳಕಾಯಿಗಳ ಹಬ್ಬ ನಡೆಯುತ್ತದೆ. ಫೋರ್ಕ್‌ಲಿಫ್ಟಿನಲ್ಲಿ ಕಾಯಿ ಎತ್ತಿ ತೂಗುತ್ತಾರೆ. ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಆಗ ತಲೆಗೆ ಹತ್ತಿದ ಹುಳ ಇದು. ನಮ್ಮ ಮನೆ ಹಿಂದೆ ಸುಮ್ನೆ ಹುಲ್ಲು ಬೆಳೆದುಕೊಂಡು ಬಿದ್ದಿದ್ದ ಮುನ್ನೂರು ಚದರಡಿ ಜಾಗ ಇತ್ತು. 2022ರ ಮಾರ್ಚಿನಲ್ಲಿ ಅದನ್ನು ಅಗೆದು, ಕೊಟ್ಟಿಗೆ ಗೊಬ್ಬರ ಹಾಕಿ, ಬೀಜ ತರಿಸಿದೆ.

ಬೀಜದ ಬಗ್ಗೆ ಸ್ವಲ್ಪ. ಅಟ್ಲಾಂಟಿಕ್ ಜೈಂಟ್ ಅನ್ನೋ ಈ ತಳಿಯನ್ನು ರೂಪಿಸಿದ್ದು ಕೆನಡಾದ ನೋವಾ ಸ್ಕೋಷಿಯಾದ ವಿಂಡ್ಸರ್ ಊರಿನ ಹವರ್ಡ್ ಡಿಲ್ ಅನ್ನೋ ರೈತರು. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ಜಗತ್ತಿನ ಅತಿ ಭಾರದ ಕಾಯಿ ಅವರದೇ. ಇವತ್ತು ಸ್ಪರ್ಧೆಗಳಲ್ಲಿ ಗೆಲ್ಲುವ ಕಾಯಿಗಳೆಲ್ಲಾ ಹೆಚ್ಚುಕಮ್ಮಿ ಆ ವಂಶದ್ದೇ. 2021ರಲ್ಲಿ ಇಟಲಿಯ ಟಸ್ಕನಿಯಲ್ಲಿ ಒಂದು ಕಾಯಿ 2,702 ಪೌಂಡ್ ತೂಗಿತು. 1,226 ಕೆಜಿ! ನಮ್ಮೂರ ಸಿಹಿಗುಂಬಳದ ದಾಯಾದಿ ಅಂತ ಹೇಳಬಹುದು, ಗುಣ ಮಾತ್ರ ಬೇರೆ.

ಬೀಜ ಎರಡು ಥರ ಸಿಗುತ್ತದೆ. ಒಂದು ಅಂಗಡಿಯ ಪ್ಯಾಕೆಟ್, ಐದಾರು ಡಾಲರ್. ಇನ್ನೊಂದು ಸ್ಪರ್ಧೆಗೆ ಬೆಳೆಯುವವರು ತಮ್ಮ ಕಾಯಿಂದಲೇ ತೆಗೆದ ಬೀಜ. ಒಳ್ಳೆ ಕಾಯಿದಾದರೆ ಹರಾಜಿನಲ್ಲಿ ಒಂದೊಂದು ಬೀಜಕ್ಕೆ ನೂರಾರು ಡಾಲರ್ ಕೂಡ ಕೊಡುತ್ತಾರೆ. ಆ ಬೀಜಗಳಿಗೆ ಹೆಸರಿಡುವ ಕ್ರಮವೇ ಮಜಾ: ಮೊದಲು ಕಾಯಿಯ ತೂಕ, ಆಮೇಲೆ ಬೆಳೆದವರ ಹೆಸರು, ಕೊನೆಗೆ ವರ್ಷ. ‘2009 ವ್ಯಾಲೇಸ್ 2012’ ಅಂತ ಓದಿ ನಾನು ಇದೇನು ಮೂರು ವರ್ಷದ ಬೆಳೆಯಾ ಅಂದುಕೊಂಡಿದ್ದೆ. 2009 ಅನ್ನೋದು ಪೌಂಡು. ರೋಡ್ ಐಲೆಂಡ್‌ನ ರಾನ್ ವ್ಯಾಲೇಸ್ 2012ರಲ್ಲಿ ಮೊದಲ ಸಲ 2,000 ಪೌಂಡ್ ದಾಟಿಸಿದ ಕಾಯಿ ಅದು. ನಾನು ಜಾಣತನ ಮಾಡಿ ಐದು ಡಾಲರಿನ ಪ್ಯಾಕೆಟ್ಟನ್ನೇ ತಗೊಂಡೆ. ಮೊದಲ ವರ್ಷ ಬೆಳೆಯುವವರಿಗೆ ಇದೇ ಸಾಕು. ಇಷ್ಟು ಕಷ್ಟಪಟ್ಟು ಮಾಡುವ ತಪ್ಪುಗಳನ್ನು ದುಬಾರಿ ಬೀಜದ ಮೇಲೆ ಯಾಕೆ ಮಾಡಬೇಕು, ಅಲ್ವಾ?

ಅಮ್ಮ ಏಪ್ರಿಲ್‌ನಲ್ಲಿ ಅರಸೀಕೆರೆಯಿಂದ ಬಂದರು, ಆರು ತಿಂಗಳಿಗೆ. ಬೀಜ ನೆನೆಸೋದು, ಅಂಚು ಉಜ್ಜೋದು, ಬೆಚ್ಚಗಿಡೋದು ಅಂತ ನಾನು ಓದಿಕೊಂಡಿದ್ದನ್ನೆಲ್ಲಾ ಕೇಳಿ, ‘ಹೆಸರುಕಾಳು ಮೊಳಕೆ ಕಟ್ಟೋದಕ್ಕೆ ಇಷ್ಟು ಪುರಾಣ ಬೇಕಾ’ ಅಂತ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆ ಪಕ್ಕ ಇಟ್ಟರು. ಐದರಲ್ಲಿ ಐದೂ ಮೊಳೆತವು, ನಾಲ್ಕೇ ದಿನಕ್ಕೆ. ಒಂದನ್ನು ಉಳಿಸಿಕೊಂಡು ಬಾಕಿಯನ್ನು ಹಂಚಿದೆ.

ಆ ಗಿಡ ಬೆಳೆಯುವ ವೇಗ ನೋಡಬೇಕು. ಜೂನ್ ಮಧ್ಯಕ್ಕೆ ಎಲೆ ಒಂದೊಂದೂ ಊಟದ ಬಾಳೆಲೆ ಅಗಲ. ಬಳ್ಳಿ ಹೋದಲ್ಲೆಲ್ಲಾ ಗೆಣ್ಣಿನ ಮೇಲೆ ಮಣ್ಣು ಮುಚ್ಚಬೇಕು, ಅಲ್ಲೂ ಬೇರು ಬಿಟ್ಟು ಆಹಾರ ಎಳೆಯುತ್ತದೆ. ಅಡ್ಡ ಕುಡಿಗಳನ್ನು ಹತ್ತು ಹನ್ನೆರಡು ಅಡಿಗೆ ಚಿವುಟಬೇಕು. ಸಂಜೆ ಆಫೀಸಿನ ಮೀಟಿಂಗ್ ಮುಗಿಸಿ ಮಂಡಿಯೂರಿ ಇದೇ ಕೆಲಸ.

ಇನ್ನು ಹೂವಿನ ಕಥೆ. ಇದನ್ನು ಜೇನುನೊಣಕ್ಕೆ ಬಿಡೋ ಹಾಗಿಲ್ಲ. ನಾಳೆ ಅರಳೋ ಹೆಣ್ಣು ಹೂವನ್ನು ಹಿಂದಿನ ಸಂಜೆಯೇ ಗುರುತು ಹಿಡಿದು, ದಳಗಳ ತುದಿಗೆ ದಾರ ಕಟ್ಟಿ ಮುಚ್ಚಬೇಕು. ಗಂಡು ಹೂವಿಗೂ ಅಷ್ಟೇ. ಜೂನ್ 25ರ ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದೆವು. ಹೆಣ್ಣು ಹೂವಿನ ಕೆಳಗೆ ನಿಂಬೆಹಣ್ಣಿನಷ್ಟು ಹಳದಿ ಹೀಚು. ಗಂಡು ಹೂವಿನ ದಳ ಕಿತ್ತು, ಒಳಗಿನ ಹಳದಿ ದಂಡನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಿರುಗಿಸಿ ಸವರಬೇಕು. ಕೈಗೆಲ್ಲಾ ಅರಿಶಿನ ಮೆತ್ತಿದ ಹಾಗೆ ಪರಾಗ. ಅಮ್ಮ ಪಕ್ಕದಲ್ಲಿ ಕಾಫಿ ಲೋಟ ಹಿಡಿದು, ‘ಧಾರೆ ಮುಹೂರ್ತ ಮುಗೀತಾ? ಊಟಕ್ಕೆ ಎಲೆ ಹಾಕಲಾ?’ ಅಂದರು. ಅವತ್ತು ಮಧ್ಯಾಹ್ನ ಸೆಖೆ ಜೋರಿತ್ತು, ಬಿಸಿಲಿಗೆ ಹೀಚು ಉದುರುತ್ತೆ ಅಂತ ಹೂವಿನ ಮೇಲೆ ಛತ್ರಿ ಕಟ್ಟಿದೆ. ಪಕ್ಕದ ಮನೆಯವರು ಬೇಲಿ ಮೇಲಿಂದ ನೋಡಿ ಏನೂ ಕೇಳದೆ ಒಳಗೆ ಹೋದರು.

ಕಾಯಿ ಕಚ್ಚಿತು. ಒಂದು ಗಿಡಕ್ಕೆ ಒಂದೇ ಕಾಯಿ ಬಿಡೋದು, ಉಳಿದ ಹೀಚೆಲ್ಲಾ ಚಿವುಟಿ ಹಾಕೋದು. ಅಮ್ಮನಿಗೆ ಇದೊಂದೇ ಸಹಿಸೋಕೆ ಆಗಲಿಲ್ಲ. ಚಿವುಟಿದ್ದೆಲ್ಲಾ ಹುಳಿಗೆ, ಕುಡಿಯೆಲ್ಲಾ ಪಲ್ಯಕ್ಕೆ, ಗಂಡು ಹೂವು ಬಜ್ಜಿಗೆ ಹೋಯಿತು. ನಿಜ ಹೇಳಬೇಕೆಂದರೆ ಈ ಗಿಡದಿಂದ ನಾವು ತಿಂದ ರುಚಿಯಾದ ಪದಾರ್ಥ ಅದಷ್ಟೇ. ದೊಡ್ಡ ಕಾಯಿ ಬರೀ ನೀರು ನೀರು, ನಾರು ನಾರು. ಅಡುಗೆಗೆ ಅಂತ ಯಾರೂ ಈ ಬೀಜ ತಗೋಬೇಡಿ.

ಎಳೆ ಕಾಯಿಗೆ ನೇರ ಬಿಸಿಲು ಬಿದ್ದರೆ ಸಿಪ್ಪೆ ಬೇಗ ಬಲಿತು ಬಿಗಿಯಾಗುತ್ತದೆ, ಆಮೇಲೆ ಹಿಗ್ಗೋದಿಲ್ಲ. ಅದಕ್ಕೆ ಬಿಳಿ ಬಟ್ಟೆ ಹೊದಿಸಬೇಕು. ನಾನು ಹೊದಿಸಿದ್ದು ಅಪ್ಪನ ಹಳೇ ಪಂಚೆ. ಪ್ರತಿ ಬೆಳಗ್ಗೆ ಪಂಚೆ ಸರಿಸಿ ಟೇಪ್ ಹಿಡಿಯೋದು: ಸುತ್ತಳತೆ ಒಂದು, ನೆಲದಿಂದ ನೆಲಕ್ಕೆ ಮೇಲಿಂದ ಅಡ್ಡ ಒಂದು, ಉದ್ದ ಒಂದು. ಮೂರನ್ನೂ ಕೂಡಿದರೆ ಎಷ್ಟು ಇಂಚಿಗೆ ಎಷ್ಟು ಪೌಂಡು ಅಂತ ಬೆಳೆಗಾರರ ಪಟ್ಟಿ ಇದೆ. ಜುಲೈ ಕೊನೆಯಲ್ಲಿ ದಿನಕ್ಕೆ ಹನ್ನೆರಡು ಹದಿಮೂರು ಪೌಂಡ್ ಏರುತ್ತಿತ್ತು. ದಾಖಲೆ ಮಾಡುವವರದು ದಿನಕ್ಕೆ 50 ಪೌಂಡ್ ಕೂಡ ಏರುತ್ತದೆ, ಅದು ಬೇರೆ ಮಾತು. ಆಗಸ್ಟ್ ಕೊನೆಗೆ ಮೂರೂ ಅಳತೆ ಸೇರಿ 260 ಇಂಚು, ಅಂದರೆ ಸುಮಾರು 400 ಪೌಂಡ್. 180 ಕೆಜಿ! ಐದು ಡಾಲರಿನ ಪ್ಯಾಕೆಟ್, ಮೊದಲ ಸಲ ಬೆಳೆದವನು, ಜೇಡಿಮಣ್ಣು, ಸತತ ಮೂರನೇ ವರ್ಷದ ಬರ. ಇದಕ್ಕೇ ಐದು ಸ್ಟಾರ್ ಅಂದಿದ್ದು.

ಪಕ್ಕದ ಪಾತಿಯಲ್ಲಿ ಟೊಮೆಟೊ. ತಳಿಯ ಹೆಸರು ಬಿಗ್ ಝ್ಯಾಕ್, ನ್ಯೂಜೆರ್ಸಿಯ ಮಿನ್ನೀ ಝಕಾರಿಯಾ ಅನ್ನೋರು ಬೆಳೆಸಿದ ತಳಿ. ದೈತ್ಯ ಟೊಮೆಟೊದ ಗುಟ್ಟು ಹೂವಿನಲ್ಲಿದೆ. ಎರಡು ಮೂರು ಹೂವು ಒಂದಕ್ಕೊಂದು ಅಂಟಿ ಒಂದೇ ದಪ್ಪ ಹೂವಾಗಿ ಬರುತ್ತದಲ್ಲ, ಅದನ್ನು ಮಾತ್ರ ಉಳಿಸಿ ಬಾಕಿ ಗೊಂಚಲು ಕೀಳಬೇಕು. ಒಕ್ಲಹೋಮಾದ ಗಾರ್ಡನ್ ಗ್ರಹಾಂ 1986ರಲ್ಲಿ ಬೆಳೆದ ಮೂರೂವರೆ ಕೆಜಿ ಟೊಮೆಟೊದ ದಾಖಲೆ 28 ವರ್ಷ ಯಾರಿಂದಲೂ ಮುರಿಯೋಕೆ ಆಗಿರಲಿಲ್ಲ, 2014ರಲ್ಲಿ ಮಿನೆಸೋಟದ ಡ್ಯಾನ್ ಮೆಕಾಯ್ 8.41 ಪೌಂಡ್ ಬೆಳೆದು ಮುರಿದರು. ನನ್ನ ಗಿಡದಲ್ಲಿ ಅಂಥ ಜೋಡಿ ಹೂವು ನಾಲ್ಕು ಬಂದವು. ಮೂರು ಬಿಸಿಲಿಗೆ ಉದುರಿದವು. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಲಸಕ್ಕೆ ಬರೋದಿಲ್ಲ. ಉಳಿದ ಒಂದು ಕಾಯಿ ಅಡುಗೆಮನೆ ತಕ್ಕಡಿಯಲ್ಲಿ ಒಂದು ಕೆಜಿ ತೂಗಿತು. ಅಕ್ಟೋಬರ್‌ವರೆಗೆ ಅದು ಎಲ್ಲಿ ಉಳಿಯುತ್ತೆ, ಗೊಜ್ಜಾಯಿತು. ಒಂದೇ ಹಣ್ಣು, ಐದು ಜನಕ್ಕೆ, ರುಚಿ ಚೆನ್ನಾಗಿತ್ತು. ಟೊಮೆಟೊ ಬೀಜಕ್ಕೆ ನಾಲ್ಕು ಸ್ಟಾರ್, ಒಂದನ್ನು ಕಿತ್ತುಕೊಂಡಿದ್ದು ನಮ್ಮ ಊರಿನ ಬಿಸಿಲಿಗೆ ಇದು ಹೊಂದೋದಿಲ್ಲ ಅಂತ ಅಷ್ಟೇ.

ಬಿಸಿಲು ಅಂದೆನಲ್ಲ. ಆಗಸ್ಟ್ 31ರ ಹೊತ್ತಿಗೆ ಶುರುವಾದ ಸೆಖೆ ಹತ್ತು ದಿನ ಬಿಡಲೇ ಇಲ್ಲ. ಸೆಪ್ಟೆಂಬರ್ 6ಕ್ಕೆ ಸ್ಯಾಕ್ರಮೆಂಟೊದಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 47. 1925ರ 114ರ ದಾಖಲೆ ಮುರಿಯಿತು. ಅದೇ ದಿನ ಈಶಾನ್ಯದ ಬೆಟ್ಟದ ಕಡೆ ಮಾಸ್ಕಿಟೊ ಫೈರ್ ಅನ್ನೋ ಕಾಡ್ಗಿಚ್ಚು ಹತ್ತಿಕೊಂಡಿತು, ಗಾಳಿ ತಿರುಗಿದ ದಿನ ನಮ್ಮಲ್ಲಿಗೂ ಹೊಗೆ ವಾಸನೆ. ಮಧ್ಯಾಹ್ನ ಎಲೆಗಳು ಒದ್ದೆ ಛತ್ರಿ ಮಡಚಿದ ಹಾಗೆ ಇಳಿಬೀಳುತ್ತಿದ್ದವು. ಆಗ ಕಾಪಾಡಿದ್ದು ನೆರಳು ಬಲೆ. ನಲವತ್ತು ಪರ್ಸೆಂಟ್ ನೆರಳಿನದು, ಹಸಿರು ಬಣ್ಣ, ಇಡೀ ಸೀಸನ್ನಿನಲ್ಲಿ ನಾನು ದುಡ್ಡು ಕೊಟ್ಟು ತಂದ ವಸ್ತುಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ. ಬಲೆ ಕೆಳಗಿದ್ದ ಎಲೆ ಸಂಜೆಗೆ ಎದ್ದು ನಿಂತವು, ಬಲೆ ಸಾಲದೆ ಹೊರಗುಳಿದ ಎಲೆಗಳ ಅಂಚು ಹಪ್ಪಳದ ಹಾಗೆ ಸುಟ್ಟವು. ಬೇರಿಗೆ ಅಂತ ತಂದ ಶಿಲೀಂಧ್ರದ ಪುಡಿ, ಕಡಲಪಾಚಿ ರಸದ ಬಾಟಲಿ, ಇವುಗಳಿಂದ ಏನಾಯಿತೋ ನನಗೆ ಗೊತ್ತಾಗಲಿಲ್ಲ. ಆ ದುಡ್ಡಿಗೆ ಇನ್ನೊಂದು ಬಲೆ ತರಬಹುದಿತ್ತು.

ಈಗ ಟೈಮರ್. ಬ್ರ್ಯಾಂಡ್ ಹೆಸರು ಬೇಡ. ನಲ್ಲಿಗೆ ಸಿಕ್ಕಿಸೋದು, ಬ್ಯಾಟರಿದು, ಫೋನಿನಲ್ಲಿ ಆ್ಯಪ್. ಸೆಖೆಯ ದಿನಗಳಲ್ಲಿ ಹೊತ್ತಿಗೆ ಎರಡು ಸಲದಂತೆ ದಿನಕ್ಕೆ 70 ಗ್ಯಾಲನ್ ಹತ್ತಿರ ನೀರು ಬಿಡುತ್ತಿದ್ದೆ. ಕಾಯಿಯ ತೂಕ ಏರೋದು ದಿನಕ್ಕೆ ಎರಡು ಪೌಂಡಿಗೆ ಇಳಿದಿತ್ತು, ಸಿಪ್ಪೆ ಗಟ್ಟಿಯಾಗಿತ್ತು. 10ನೇ ತಾರೀಕಿನ ಮೇಲೆ ತಂಪಾಯಿತು, ಆಗಲೇ ನೀರು ಕಡಿಮೆ ಮಾಡಬೇಕಿತ್ತು, ಇಲ್ಲದಿದ್ದರೆ ಹಿಗ್ಗದ ಸಿಪ್ಪೆ ಒಡೆಯುತ್ತದೆ. ಮಾಡಲಿಲ್ಲ. ನಾಳೆ ಮಾಡೋಣ ಅಂತ ಒಂದು ವಾರ ತಳ್ಳಿದೆ. 17ರ ರಾತ್ರಿ ಟೈಮರ್ ತೆರೆದಿದ್ದು ಮುಚ್ಚಲೇ ಇಲ್ಲ. ಬೆಳಗ್ಗೆ ಮನೆಯವಳು, ‘ರೀ, ಹಿಂದೆ ಎಲ್ಲಾ ಕೆರೆ ಆಗಿದೆ, ನಲ್ಲಿ ನಿಲ್ಲಿಸಿದ್ರಾ?’ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಫೋನ್ ಮುಟ್ಟಿ ನೋಡಿಕೊಂಡೆ. ಆ್ಯಪಿನಲ್ಲಿ ಹಸಿರು ಬಣ್ಣದಲ್ಲಿ ‘ಮುಚ್ಚಿದೆ’ ಅಂತಲೇ ಇತ್ತು. ಅವತ್ತೇ ಮಳೆಯೂ ಶುರುವಾಯಿತು. ಕಾಡ್ಗಿಚ್ಚು ಆರಿಸೋಕೆ ಒಳ್ಳೆಯದಾಯಿತು, ನನಗಲ್ಲ.

19ರ ಬೆಳಗ್ಗೆ ಪಂಚೆ ಎತ್ತಿದರೆ ತೊಟ್ಟಿನ ಪಕ್ಕದಿಂದ ಒಂದೂವರೆ ಗೇಣು ಬಿರುಕು. ಕಡ್ಡಿ ಹಾಕಿ ನೋಡಿದೆ, ಒಳಗಿನ ಟೊಳ್ಳಿಗೇ ಹೋಯಿತು. ಒಳಗಿನವರೆಗೆ ಬಿರುಕು ಬಿಟ್ಟ ಕಾಯಿಯನ್ನು ಸ್ಪರ್ಧೆಗೆ ತಗೊಳ್ಳೋದಿಲ್ಲ, ನಿಯಮವೇ ಹಾಗಿದೆ. ನಾನು ಅಲ್ಲೇ ಕೆಸರಿನಲ್ಲಿ ಕೂತೆ. ಅಮ್ಮ ಬಂದು ಬಗ್ಗಿ ನೋಡಿ, ‘ಆಯುಧಪೂಜೆಗೆ ಇನ್ನೂ ಹದಿನೈದು ದಿನ ಇದೆಯಲ್ಲೋ, ಇದಕ್ಕೇನು ಅವಸರ ಆಗಿತ್ತು ಒಡೆಯೋಕೆ’ ಅಂದರು. ಅಳಬೇಕು ಅಂತಿದ್ದವನಿಗೆ ನಗು ಬಂತು.

ಟೈಮರ್ ಕಂಪನಿಗೆ ಬರೆದೆ. ಬ್ಯಾಟರಿ ಬದಲಿಸಿ ಅಂದರು, ಬದಲಿಸಿದೆ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಕೊನೆಗೆ ಮುಂದಿನ ಖರೀದಿಗೆ ಹದಿನೈದು ಪರ್ಸೆಂಟ್ ರಿಯಾಯಿತಿ ಕೂಪನ್ ಬಂತು. ಒಂದು ಸ್ಟಾರ್, ಅದೂ ಕೊಡದೆ ಬರೆಯೋಕೆ ಬಿಡೋದಿಲ್ಲ ಅಂತ. ಯಾವ ಟೈಮರ್ ತಂದರೂ ಮೇಲೊಂದು ಕೈಯಲ್ಲಿ ತಿರುಗಿಸೋ ನಲ್ಲಿ ಇರಲಿ, ಮಲಗೋ ಮುಂಚೆ ಒಮ್ಮೆ ಹೋಗಿ ನೋಡಿ.

ಅಕ್ಟೋಬರ್‌ನಲ್ಲಿ ಬರಿಗೈಯಲ್ಲೇ ಹಬ್ಬಕ್ಕೆ ಹೋಗಿ ಬಂದೆ. 10ನೇ ತಾರೀಕು ಇಲ್ಲೇ ಕ್ಯಾಲಿಫೋರ್ನಿಯಾ ಕರಾವಳಿಯ ಹಾಫ್ ಮೂನ್ ಬೇ ಊರಿನ ದೊಡ್ಡ ಸ್ಪರ್ಧೆಯಲ್ಲಿ ಮಿನೆಸೋಟದ ಟ್ರ್ಯಾವಿಸ್ ಗೀಂಗರ್ ಅವರದು 2,560 ಪೌಂಡ್ ತೂಗಿತು. ಪೌಂಡಿಗೆ 9 ಡಾಲರಿನಂತೆ 23,040 ಡಾಲರ್ ಬಹುಮಾನ. ಆ ಲೆಕ್ಕದಲ್ಲಿ ನನ್ನದಕ್ಕೆ 3,600 ಆಗುತ್ತಿತ್ತು ಅಂತ ಮಗ ಹೇಳಿದ. ಗೆದ್ದವರಿಗೆ ಮಾತ್ರ ಕಣೋ ಅದು ಅಂದೆ.

ಬಿರುಕು ಬಿಟ್ಟ ಕಾಯಿ ಕೊಳೆಯೋ ಮುಂಚೆ ಗರಗಸದಲ್ಲಿ ಕೊಯ್ದೆವು. ಬೀಜ ತೊಳೆದು ಗ್ಯಾರೇಜಿನಲ್ಲಿ ಪೇಪರ್ ಮೇಲೆ ಒಣಗಿಸಿದ್ದೇವೆ, ಹೆಬ್ಬೆರಳಿನ ಉಗುರಿಗಿಂತ ದೊಡ್ಡವು. ಸ್ಯಾಕ್ರಮೆಂಟೊ ಕಡೆ ಇರೋ ಯಾರಿಗಾದರೂ ಬೇಕಿದ್ದರೆ ತಲಾ ಐದು ಕೊಡುತ್ತೇನೆ. ತಕ್ಕಡಿ ಹತ್ತದ ಕಾಯಿ ಆದ್ದರಿಂದ ಹೆಸರಿನ ಮುಂದೆ ‘ಅಂದಾಜು’ ಅಂತ ಸೇರಿಸಬೇಕು. ನಾನು ಕವರ್ ಮೇಲೆ ‘400 ಅಂದಾಜು’ ಅಂತ ಇಂಗ್ಲಿಷಿನಲ್ಲಿ ನೀಟಾಗಿ ಬರೆದಿಟ್ಟಿದ್ದೆ. ಊರಿಗೆ ಹೊರಡೋ ಹಿಂದಿನ ದಿನ ಅಮ್ಮ ಅದರ ಕೆಳಗೆ ಬಾಲ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು ಹೋಗಿದ್ದಾರೆ: ‘ಒಡೆದ ಕಾಯಿ. ರಾತ್ರಿ ನಲ್ಲಿ ನೋಡು.’