ಕಂಪ್ಯೂಟರ್ ಕ್ಲಬ್‌ಗೆ ಊರಿನವರೂ ಬರಬೇಕೇ? ಎರಡೂ ಮಾಡಿ ನೋಡಿದ ಮೇಲೆ

ತುಮಕೂರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಕ್ಲಬ್ ಎರಡು ಬಗೆಯಲ್ಲಿ ನಡೆದಿದೆ. ಮೊದಲು ಐಡಿ ಕಾರ್ಡ್ ಇದ್ದವರಿಗೆ ಮಾತ್ರ, ಆಮೇಲೆ ಊರಿನವರಿಗೂ. ಹೊಸ ಪದಾಧಿಕಾರಿಗಳು ಬಂದಾಗಲೆಲ್ಲ ಇದೇ ಜಗಳ ಏಳುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ವಿದ್ಯಾರ್ಥಿಗಳಷ್ಟೇ ಇದ್ದಾಗ ಎಲ್ಲ ಸಲೀಸು. ಲ್ಯಾಬ್ ಕೀಲಿಗೆ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಸಹಿ ಸಾಕು, ಗೇಟಿನಲ್ಲಿ ವಾದವಿಲ್ಲ. ಕೋಡಿಂಗ್ ಸ್ಪರ್ಧೆಗೆ ತಯಾರಾಗಲು ಇದೇ ಸರಿ. ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಅಂದರೇನು ಎಂದು ಪ್ರತಿ ಸಲ ಅ ಆ ಇ ಈ ಇಂದ ಶುರು ಮಾಡಬೇಕಿಲ್ಲ. ಆದರೆ ಇಂಟರ್ನಲ್ಸ್ ಪರೀಕ್ಷೆ ಬಂತೆಂದರೆ ಕ್ಲಬ್ ಖಾಲಿ. ಫೈನಲ್ ಇಯರ್‌ನವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟರೆ ಸರ್ವರ್ ಪಾಸ್‌ವರ್ಡೂ ಅವರ ಹಿಂದೆಯೇ ಹೋಗುತ್ತದೆ. ಪ್ರಾಜೆಕ್ಟ್‌ಗಳೋ, ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್, ಅದೇ ಹಾಜರಾತಿ ಆ್ಯಪ್. ಬಳಸುವವರಿಲ್ಲ, ಹಾಗಾಗಿ ತಪ್ಪು ಹಿಡಿಯುವವರೂ ಇಲ್ಲ.

ಊರಿನವರಿಗೆ ಬಾಗಿಲು ತೆರೆದ ಮೇಲೆ ಟೌನ್‌ಹಾಲ್ ಸರ್ಕಲ್ ಕಡೆಯ ಡಿಟಿಪಿ ಅಂಗಡಿಯವರೊಬ್ಬರು ಪೆನ್‌ಡ್ರೈವ್ ತುಂಬ ಹಳೆಯ ಲಗ್ನಪತ್ರಿಕೆ, ಸ್ಮರಣ ಸಂಚಿಕೆ ಹಿಡಿದು ಬಂದರು. ಎಲ್ಲವೂ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೋಜಲು, ಹುಡುಕಿದರೆ ಒಂದು ಹೆಸರೂ ಸಿಗದು. ಎಲ್ಲ ಕಂಪ್ಯೂಟರಿನಲ್ಲೂ ಓದಬಲ್ಲ ಯೂನಿಕೋಡ್‌ಗೆ ಬದಲಿಸುವ ಪೈಥಾನ್ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಒಂದು ಸಂಜೆಯ ಕೆಲಸ ಎಂದುಕೊಂಡರು ಹುಡುಗರು. ಕೈಕೊಟ್ಟಿದ್ದು ಅರ್ಕಾವತ್ತು, ಅಂದರೆ 'ಕಾರ್ಯ'ದಲ್ಲಿ 'ರ್' ಅನ್ನು ತೋರಿಸುವ ಗುರುತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆಯೇ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಒಂದಕ್ಕೊಂದು ಬದಲಿಸುತ್ತ ಹೋದರೆ ಆಗದು, ಹಿಂದಕ್ಕೆ ಹೋಗಿ ವ್ಯಂಜನ ಹಿಡಿದು, ವತ್ತಕ್ಷರವಿದ್ದರೆ ಅದನ್ನೂ ದಾಟಿ, ಅದಕ್ಕೂ ಮೊದಲು 'ರ್' ಸೇರಿಸಬೇಕು. ಅಂಗಡಿಯವರು ಪಕ್ಕದಲ್ಲೇ ಕೂತಿದ್ದರು. "ನೋಡಪ್ಪಾ, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗೈತೆ." "ಸರಿ ಮಾಡ್ತೀವಿ ಅಂಕಲ್." ಸ್ಟ್ರಿಂಗ್ (ಅಕ್ಷರಗಳ ಸಾಲು) ಬಗ್ಗೆ ಆ ಹುಡುಗರು ಕಲಿತಷ್ಟು ಯಾವ ಲ್ಯಾಬ್ ಮ್ಯಾನ್ಯುಯಲ್ಲೂ ಕಲಿಸಿರಲಿಲ್ಲ.

ಬರುವವರೆಲ್ಲ ಇಂಥವರೇ ಅಲ್ಲ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಕೊಡಿ, ಪಹಣಿ ತೆಗೆದುಕೊಡಿ ಎನ್ನುವವರು ಹೆಚ್ಚು. ಪುಕ್ಕಟೆ ಸೈಬರ್ ಸೆಂಟರ್ ಆಗಿಬಿಡುತ್ತದೆ. ಇನ್ನು ಹೊತ್ತಿನ ಸಮಸ್ಯೆ: ಸಂಜೆ 7ಕ್ಕೆ ಇಟ್ಟರೆ ಅಂಗಡಿ ಇಟ್ಟವರಿಗೆ ಅನುಕೂಲ, ಗುಬ್ಬಿ, ಸಿರಾ ಬಸ್ ಹಿಡಿಯುವ ಹುಡುಗಿಯರಿಗೆ ಆಗದು.

ಹೊರಗಿನವರು ಬಂದರೆ ಮಟ್ಟ ಇಳಿಯುತ್ತದೆ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರೇಜೊಂದರಲ್ಲಿ ಶುರುವಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್‌ಗೆ ಯಾವ ಕಾಲೇಜಿನ ಐಡಿ ಕಾರ್ಡೂ ಬೇಕಿರಲಿಲ್ಲ. ಎಚ್‌ಪಿ ಕಂಪನಿಯ ನೌಕರನಾಗಿದ್ದ ಸ್ಟೀವ್ ವೋಜ್ನಿಯಾಕ್ ತನ್ನ ಆ್ಯಪಲ್ 1 ಕಂಪ್ಯೂಟರ್ ತೋರಿಸಿದ್ದು ಆ ಗುಂಪಿನ ಮುಂದೆಯೇ.

ನನ್ನ ಮತ ತೆರೆದ ಕ್ಲಬ್ಬಿಗೇ. ಸ್ಪರ್ಧೆಯ ಅಭ್ಯಾಸ ವಾರದ ನಡುವೆ, ವಿದ್ಯಾರ್ಥಿಗಳಿಗಷ್ಟೇ. ಶನಿವಾರ ಮಧ್ಯಾಹ್ನ ಎಲ್ಲರಿಗೂ, ಆದರೆ ಕೆಲಸ ತಂದವರು ಅದು ಮುಗಿಯುವವರೆಗೆ ಜೊತೆಗೆ ಕೂರಬೇಕು. ಕೊಟ್ಟು ಹೋಗಿ ಆಮೇಲೆ ಬರ್ತೀನಿ ಅನ್ನುವಂತಿಲ್ಲ. ಈ ನಿಯಮ ಹಾಕಿದ ಮೇಲೆ ಫಾರ್ಮ್ಯಾಟ್ ಗಿರಾಕಿಗಳು ತಾವಾಗಿಯೇ ಕಡಿಮೆಯಾದರು. ಸ್ಕ್ರಿಪ್ಟ್ ಬರೆದವರು ಕಾಲೇಜು ಬಿಟ್ಟಾಗಿದೆ, ಅದು ಎಲ್ಲೆಲ್ಲಿ ಎಡವುತ್ತದೆ ಎಂದು ಈಗಿನ ಸೆಕೆಂಡ್ ಇಯರ್‌ನವರಿಗೆ ಹೇಳಿಕೊಡುತ್ತಿರುವುದು ಅದೇ ಅಂಗಡಿಯವರು. ಒಂದು ಮಾತು: ಪ್ರಾಂಶುಪಾಲರ ಅನುಮತಿ ಪತ್ರವನ್ನು ಪ್ರತಿ ವರ್ಷ ಹೊಸದಾಗಿ ಬರೆಸಿಕೊಳ್ಳಿ. ಹಳೆಯದು ಗೇಟಿನಲ್ಲಿ ನಡೆಯುವುದಿಲ್ಲ.