ಟ್ಯಾರಂಟುಲಾ (ಮೈ ತುಂಬ ಕೂದಲಿರೋ ದೊಡ್ಡ ಜೇಡ) ಸಾಕಬೇಕಂತ ಇರೋರು ಮೊದಲ ಇದನ್ನ ಓದ್ರಿ: "ಗ್ಯಾರಂಟಿ ಹೆಣ್ಣು" ಅಂತ ಗಂಡು ಮಾರಿದ್ರು, ಪೇಪರೂ ಇಲ್ಲ

ಮೊದಲ ಹೇಳಿಬಿಡ್ತೇನಿ. "ಬಿಗಿನರ್ ಟ್ಯಾರಂಟುಲಾ, ಫುಲ್ ಕಿಟ್ ಸಮೇತ, ಗ್ಯಾರಂಟಿ ಹೆಣ್ಣು, 20 ವರ್ಷ ಬದುಕುತ್ತೆ" ಅಂತ ವಿಡಿಯೋ ಹಾಕಿ ಮಾರೋರ ಹತ್ರ ಹೋಗಬ್ಯಾಡ್ರಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಕಡಿಗೂ ರಾತ್ರಿ ಬಸ್ಸಿಗೆ ಹಾಕಿ ಕಳಸ್ತೇವಿ ಅಂತಾರ. ನನಗೂ ಹಂಗ ಕಳಸಿದ್ರು. ಜೇಡಕ್ಕ ₹7,000, ಕಿಟ್ಟಿಗೆ ₹4,500. ರೊಕ್ಕದ ಸಿಟ್ಟು ಒಂದ್ ಕಡಿ ಇರಲಿ, ಕಡಿಗೆ ಆ ಮಾರಾವ ಆಡಿದ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕ ಬರಿಯಾಕತ್ತೇನಿ.

ನಾನು ಅಂಜುಬುರುಕ. ಬಚ್ಚಲದಾಗ ಅಂಗೈಯಷ್ಟು ಜೇಡ ಕಂಡ್ರ ಹೊರಗ ನಿಂತು ಅವ್ವನ್ನ ಕರಿಯೋ ಪೈಕಿ. ಆ ಅಂಜಿಕಿ ಹೋಗಲಿ ಅಂತನ ಓದಾಕ ಶುರು ಮಾಡಿದ್ದು. ಓದ್ತಾ ಓದ್ತಾ ಇಷ್ಟ ಆತು. ಅವ್ವಗ ಹೇಳಿದ್ರ, "ಮಂದಿ ಜ್ಯಾಡ ಹೊಡಿಲಿಕ್ಕೆ ಕಸಬರಿಗಿ ತರ್ತಾರ, ನೀ ರೊಕ್ಕಾ ಕೊಟ್ಟು ಜ್ಯಾಡಾನ ತರ್ತಿ ಏನೋ?" ಅಂದ್ಲು. ಆ ಮಾತು ಈಗ ದಿನಾ ಕೇಳಸ್ತೈತಿ, ಆಕಿ ಸುಮ್ನ ಇದ್ರೂ.

ನಾನು ಆರಿಸಿದ್ದು ಕರ್ಲಿ ಹೇರ್ ಅನ್ನೋ ಟ್ಯಾರಂಟುಲಾ ಜಾತಿ. ಮಧ್ಯ ಅಮೆರಿಕಾದ ಹೊಂಡುರಾಸ್, ನಿಕರಾಗುವಾ ಕಡಿದು. ಕಂದು ಬಣ್ಣ, ಮೈ ತುಂಬ ಗುಂಗುರು ಕೂದಲು, ಸಮಾಧಾನದ ಸ್ವಭಾವ, ಹೊಸಬರಿಗೆ ಇದಾ ಛಲೋ ಅಂತ ಎಲ್ಲಾರೂ ಹೇಳ್ತಾರ. ಕಾಟ ಕೊಟ್ರ ಹಿಂದಿನ ಕಾಲಿಂದ ಹೊಟ್ಟಿ ಮ್ಯಾಲಿನ ಕೂದಲಾ ಉದರಸ್ತೈತಿ, ಅದು ಚರ್ಮಕ್ಕ ಬಿದ್ರ ಕಡಿತ, ಕಣ್ಣಿಗೆ ಬಿದ್ರ ದೊಡ್ಡ ತ್ರಾಸ. ಕೈಯಾಗ ಹಿಡಿಯೋ ವಿಚಾರ ನನಗ ಮೊದಲಿಂದಾನೂ ಇರಲಿಲ್ಲ. ಡಬ್ಬಿ ಹೊರಗಿಂದ ನೋಡಿದ್ರ ಸಾಕಾಗಿತ್ತು.

ತಯಾರಿ ಎಲ್ಲಾ ಮುಗಿಸಿಟ್ಟಿದ್ದೆ ನಾನು. ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟ್ಯಾಗ ಒಂದು ಅಗಲಾದ ಪ್ಲಾಸ್ಟಿಕ್ ಡಬ್ಬಿ ತಗೊಂಡು, ಸೋಲ್ಡರಿಂಗ್ ಕಡ್ಡಿ ಕಾಸಿ ಬದಿಗೆ ತೂತು ಹೊಡದಿದ್ದೆ. ನರ್ಸರಿಯಿಂದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಂಗಿ ತಂದು, ನೆನಸಿ, ಹಿಂಡಿ, ಮಾಳಿಗಿ ಮ್ಯಾಲ ಒಣಗಿಸಿ ತುಂಬಿದ್ದೆ. ಅಡಗಿ ಕೂಡಲಿಕ್ಕೆ ಅರ್ಧ ತೆಂಗಿನ ಚಿಪ್ಪು, ನೀರಿಗೆ ಒಂದು ಅಗಲ ಮುಚ್ಚಳ, ಉದ್ದನ ಚಿಮಟ. ಇಷ್ಟ ಸಾಕ್ರಿ. ಇದು ನೆಲದ ಮ್ಯಾಲ ಇರೋ ಜಾತಿ, ಗಿಡ ಹತ್ತೋದಲ್ಲ. ಮಣ್ಣಿನಿಂದ ಮುಚ್ಚಳಕ್ಕ ಅದರ ಕಾಲಿನ ಹರವಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರ ಇರಬಾರದು. ಮ್ಯಾಲಿಂದ ಬಿದ್ರ ಹೊಟ್ಟಿ ಒಡದು ಸಾಯ್ತೈತಿ, ಅಷ್ಟ ಮೆತ್ತಗ ಇರ್ತೈತಿ ಅದು.

ಇದನ್ನೆಲ್ಲಾ ಮಾರಾವಂಗ ಫೋಟೋ ತಗದು ಕಳಸಿದೆ. ಅವ ಏನಂದ ಗೊತ್ತೇನ್ರಿ? "ಬ್ರೋ, ಊಟದ ಡಬ್ಬಿನಲ್ಲಿ ಜೇಡ ಸಾಕ್ತೀರಾ? ಹೀಗಾದ್ರೆ ಎರಡೇ ದಿನಕ್ಕೆ ಸಾಯುತ್ತೆ. ನಮ್ಮ ಕಿಟ್ ಇಲ್ದೆ ನಾವು ಅನಿಮಲ್ ಕೊಡಲ್ಲ, ನಮ್ಗೆ ಅನಿಮಲ್ ಸೇಫ್ಟಿ ಮುಖ್ಯ." ಅನಿಮಲ್ ಸೇಫ್ಟಿ ಅಂತ! ಹೊಸಬರ ಅಂಜಿಕಿ ಇವರಿಗೆ ಛಲೋ ಗೊತ್ತೈತಿ. "ಸಾಯುತ್ತೆ" ಅನ್ನೋ ಒಂದ ಮಾತಿಗೆ ನಾವು ಕೇಳಿದಷ್ಟು ಕೊಡ್ತೇವಿ.

ಕಿಟ್ ಬಂತು. ಹದಿನೆಂಟು ಇಂಚು ಎತ್ತರದ ಗಾಜಿನ ಟ್ಯಾಂಕ್. ಮ್ಯಾಲ ತಂತಿ ಜಾಳಗಿ, ಜೇಡದ ಕಾಲಿನ ಉಗುರು ಸಿಕ್ಕೊಂಡು ಜೋತಾಡೂದು ಇಂಥಾದಕ್ಕನ. ಕೆಳಗ ಹಾಕಾಕ ನೀಲಿ, ಗುಲಾಬಿ ಹಳ್ಳು, ಮೀನಿನ ಟ್ಯಾಂಕಿನವು. ನೀರಿನ ಬಟ್ಟಲಕ್ಕ ಒಂದು ಸ್ಪಂಜು, ಅದರಾಗ ಹೊಲಸು ಕೂಡೂದು ಬಿಟ್ರ ಬ್ಯಾರೆ ಏನೂ ಆಗೂದಿಲ್ಲ. ಒಂದು ಕ್ಯಾಲ್ಸಿಯಂ ಪುಡಿ ಡಬ್ಬಿ. ಜೇಡಕ್ಕ ಎಲುಬೆಲ್ಲಿ ಅದಾವ್ರಿ ಕ್ಯಾಲ್ಸಿಯಂ ಹಾಕಾಕ? ಮತ್ತ ಒಂದು ಹೀಟ್ ಮ್ಯಾಟ್. ಏಪ್ರಿಲ್ ತಿಂಗಳದಾಗ, ಹುಬ್ಬಳ್ಳ್ಯಾಗ, ಹೀಟ್ ಮ್ಯಾಟ್! ಫ್ಯಾನ್ ಹಾಕ್ಕೊಂಡ್ರೂ ನಾವ ಬೇಯಾಕತ್ತಿದ್ವಿ. ಸೆಕಿ ಆದ್ರ ಜೇಡ ಮಣ್ಣಾಗ ಕೆಳಗ ಇಳಿತೈತಿ, ಇವ ಕೆಳಗಿಂದಾನ ಕಾಸಾಕ ಹೇಳ್ತಾನ.

ಕಿಟ್ಟನ್ನ ಮೂಲ್ಯಾಗ ಇಟ್ಟು ನನ್ನ ಡಬ್ಬಿನ ಖಾಯಂ ಮಾಡಿದೆ. ಹೋಗಲಿ, ಜೇಡ ಛಲೋ ಬಂದ್ರ ಸಾಕು ಅಂದ್ಕೊಂಡೆ.

ಕೊರಿಯರ್‌ನವ್ರು ಜೀವಂತ ಪ್ರಾಣಿ ತಗೊಳ್ಳೂದಿಲ್ಲ, ಅದಕ್ಕ ಸ್ಲೀಪರ್ ಬಸ್ಸಿನ ಕ್ಲೀನರ್ ಕೈಯಾಗ ಕೊಟ್ಟಿದ್ದ. ನಸಕಿನ್ಯಾಗ ಗೋಕುಲ ರೋಡಿನ್ಯಾಗ ನಿಂತು ಇಸಗೊಂಡೆ. ಪೆಟ್ಟಿಗಿ ಮ್ಯಾಲ "ಆಟಿಕೆ" ಅಂತ ಬರದಿತ್ತು. ಕ್ಲೀನರ್ ಹುಡುಗ "ಏನೈತ್ರಿ ಅಣ್ಣಾರ ಇದರಾಗ, ಭಾಳ ಹಗುರ ಐತಿ" ಅಂದ. ನಾ ಏನೂ ಅನ್ನಲಿಲ್ಲ, ಹೇಳಿದ್ರ ಅವ ಅಲ್ಲೇ ಒಗದ ಓಡಿ ಹೋಗ್ತಿದ್ದ.

ಮನಿಗೆ ತಂದು ಬಿಟ್ಟೆ. ಕೈ ನಡಗಾಕತ್ತಿದ್ದು ಖರೆ. ಜೇಡ ಹೊರಗ ಬಂತು, ಆದ್ರ ಕೂಡಲಿಲ್ಲ. ಚಿಪ್ಪಿನ ಕಡಿ ಹೊಳ್ಳಿ ಸುದ್ದಾ ನೋಡಲಿಲ್ಲ. ರಾತ್ರಿ ಎಲ್ಲಾ ಡಬ್ಬಿ ಗ್ವಾಡಿಗುಂಟ ತಿರಗತಿತ್ತು, ಸುತ್ತಿದ್ದ ಸುತ್ತೂದು. ಅದರ ಊಟಕ್ಕಂತ ರೆಡ್ ರನ್ನರ್ ಅನ್ನೋ ಜೊಂಡಿಗ (ಜಿರಳೆ) ಬಿಟ್ರ ಮುಟ್ಟಲಿಲ್ಲ. ವಿಡಿಯೋದಾಗ ಇದ್ದದ್ದು ದಪ್ಪ ಹೊಟ್ಟಿದು, ಗಿಡ್ಡ ಕಾಲಿಂದು. ಇದರ ಕಾಲು ಉದ್ದ, ಹೊಟ್ಟಿ ಸಣ್ಣ. ಕೇಳಿದ್ರ "ಪ್ರೀ ಮೋಲ್ಟ್ ಬ್ರೋ. ಪೊರೆ ಬಿಡೋ ಮುಂಚೆ ಊಟ ಬಿಡುತ್ತೆ. ನೀವು ಹೊಸಬ್ರು, ಟೆನ್ಶನ್ ಮಾಡ್ಕೋಬೇಡಿ" ಅಂದ. ಪೊರೆ ಬಿಡೋ ಮುಂದ ಉಣ್ಣೂದಿಲ್ಲ ಅನ್ನೂದು ಖರೆನ. ಅದಕ್ಕ ನಂಬಿದೆ. ಖರೆ ಮಾತು ಹಿಡಕೊಂಡ ಸುಳ್ಳು ಹೇಳಾವ ಭಾಳ ಬೆರಕಿ ಇರ್ತಾನ ನೋಡ್ರಿ.

ಒಂದಿನ ರಾತ್ರಿ ಅದು ಡಬ್ಬಿ ಗ್ವಾಡಿ ಹತ್ತಿ ನಿಂತಿತ್ತು, ಹೊಟ್ಟಿ ಭಾಗ ನನ್ನ ಕಡಿ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಮುಂದಿನ ಎರಡೂ ಕಾಲಿನ ಒಳಮಗ್ಗಲಿಗೆ, ಗಂಟಿನ ಹತ್ರ, ಸಣ್ಣ ಕೊಕ್ಕಿ. ಕರ್ರಗ, ಒಳಗ ಬಾಗಿದ್ದು. ಬಾಯಿ ಹತ್ರ ಇರೋ ಎರಡು ಸಣ್ಣ ಕಾಲಿನ ತುದಿ ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡಂಗ ದಪ್ಪ ಉಬ್ಬಿದ್ವು. ನನ್ನ ಎದಿ ಧಸಕ್ ಅಂತು. ಓದಿದ್ದೆಲ್ಲಾ ನೆನಪಾತು. ಇವು ಬಲತ ಗಂಡಿನ ಗುರ್ತು. ಕಡೀ ಪೊರೆ ಬಿಟ್ಟ ಗಂಡಿಗೆ ಅಷ್ಟ ಈ ಕೊಕ್ಕಿ ಬರ್ತಾವು, ಕೂಡೂ ಮುಂದ ಹೆಣ್ಣಿನ ಹಲ್ಲು ಹಿಡಕೊಂಡು ನಿಲ್ಲಾಕ. ಅದಾದ ಮ್ಯಾಲ ಅದು ಮತ್ತ ಪೊರೆ ಬಿಡೂದ ಇಲ್ಲ. ಹೆಣ್ಣು ಹುಡಕ್ಕೊಂಡು ತಿರಗತೈತಿ, ಉಣ್ಣೂದು ಕಡಿಮಿ ಮಾಡ್ತೈತಿ, ಹೆಚ್ಚು ಕಡಿಮಿ ಒಂದು ವರ್ಷದಾಗ ಸಾಯ್ತೈತಿ. ಇಪ್ಪತ್ತು ವರ್ಷ ಬದುಕೋದು ಹೆಣ್ಣು. ಪ್ರೀ ಮೋಲ್ಟ್ ಅಂತ! ಯಾವ ಮೋಲ್ಟು?

ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಹುಳದ ವಿಭಾಗದಾಗ ಓದೋ ದೋಸ್ತಗ ಫೋಟೋ ಕಳಸಿದೆ. ಅವ ನಕ್ಕ. "ಲೇ, ಇದು ಗಂಡಲೇ, ಅದೂ ಮುದುಕ" ಅಂದ. ಆ ನಗಿ ಇನ್ನೂ ಕಿವ್ಯಾಗ ಐತಿ.

ಈಗ ಅವನ ಉತ್ತರ ನೋಡ್ರಿ, ಇದ್ದಂಗ ಹಾಕಾಕತ್ತೇನಿ.

ಮೊದಲ: "ಅದು ಹುಕ್ ಅಲ್ಲ ಬ್ರೋ, ಕೂದಲು ಗಂಟಾಗಿರೋದು. ಕರ್ಲಿ ಹೇರ್ ಅಲ್ವಾ ಅದು."

ಫೋಟೋಕ್ಕ ಗುರ್ತು ಹಾಕಿ ಕಳಸಿದ ಮ್ಯಾಲ: "ಟ್ರಾನ್ಸ್‌ಪೋರ್ಟ್ ಸ್ಟ್ರೆಸ್‌ನಲ್ಲಿ ಹಂಗೆ ಕಾಣುತ್ತೆ." ಬಸ್ಸಿನ್ಯಾಗ ಕೂತು ಬಂದ್ರ ಹೆಣ್ಣು ಗಂಡಾಗ್ತೈತೇನ್ರಿ? ಹಂಗಂತನ ಕೇಳಿದೆ. ಎರಡು ನೀಲಿ ಗೆರಿ ಬಂತು, ಉತ್ತರ ಇಲ್ಲ.

ಆಮ್ಯಾಲ: "ಒಂದು ಕೆಲ್ಸ ಮಾಡೋಣ. ಅದನ್ನ ವಾಪಸ್ ಕಳ್ಸಿ, ಇನ್ನೂ ಮೂರು ಸಾವಿರ ಹಾಕಿ, ಇಂಡಿಯನ್ ಆರ್ನಮೆಂಟಲ್ ಕೊಡ್ತೀನಿ. ಘಟ್ಟದ ಫ್ರೆಶ್ ಪೀಸ್."

ಇದನ್ನ ಸ್ವಲ್ಪ ತಿಳ್ಕೋರಿ. ಇಂಡಿಯನ್ ಆರ್ನಮೆಂಟಲ್ ಅಂದ್ರ ಪೊಯಿಸಿಲೋಥೀರಿಯಾ, ನಮ್ಮ ಕಾಡಿನ ಗಿಡದ ಪೊಟರಿಯೊಳಗ ಇರೋ ಜೇಡ. ಕೂದಲಾ ಉದರಸೂದಿಲ್ಲ, ಸೀದಾ ಕಡಿತೈತಿ, ಓಡೂದಂತೂ ಕಣ್ಣಿಗೆ ಕಾಣೂದಿಲ್ಲ. ಕಡಿದ್ರ ಮೈಯಾಗಿನ ಸ್ನಾಯು ಹಿಡಕೊಂಡು ಒದ್ದಾಡಸ್ತೈತಿ. ಅಂಜುಬುರುಕ ಹೊಸಬಗ ಇದನ್ನ ಕೊಡ್ತಾನಂತ, ಅದೂ ಘಟ್ಟದಿಂದ ಕಿತ್ತು ತಂದು. ಈ ಪಂಗಡಕ್ಕ ಪಂಗಡಾನ 2019ರಾಗ ಸೈಟಿಸ್ (ಕಾಡಿನ ಪ್ರಾಣಿ, ಗಿಡಗಳ ವ್ಯಾಪಾರಕ್ಕ ಲಗಾಮು ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧಕ್ಕ ಹಾಕ್ಯಾರ, ಯಾಕಂದ್ರ ಹಿಂಗ ಕಿತ್ತು ಮಾರೂದು ಅಷ್ಟು ನಡದಿತ್ತು.

ಪೇಪರ್ ವಿಷಯ, ಅಂದ್ರ ಜೇಡದ ಕಾನೂನು ದಾಖಲೆ. ನಾನು ಅಡ್ವಾನ್ಸ್ ಹಾಕೂಕ್ಕಿಂತ ಮೊದಲ ಕೇಳಿದ್ದೆ, ಆಮ್ಯಾಲೂ ಕೇಳಿದ್ದೆ, ಸ್ಕ್ರೀನ್‌ಶಾಟ್ ಅದಾವು. "ಬರುತ್ತೆ ಬ್ರೋ, ಸೋಮವಾರ ಬರುತ್ತೆ" ಅಂದ. ಬಂದದ್ದು ಒಂದು ಬಿಲ್. ಅದರಾಗ "ಫಿಶ್ ಟ್ಯಾಂಕ್ ಆಕ್ಸೆಸರಿ, 1" ಅಂತ ಐತಿ. ಜೇಡದ ಹೆಸರ ಇಲ್ಲ! ಕರ್ಲಿ ಹೇರ್ ಸುದ್ದಾ ಸೈಟಿಸ್ ಪಟ್ಟ್ಯಾಗ ಇರೋ ಪ್ರಾಣಿ. ವನ್ಯಜೀವಿ ಕಾಯ್ದೆಗೆ 2022ರಾಗ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿ ಆಗೇತಿ. ಇಂಥಾವು ನಾಲ್ಕನೇ ಅನುಸೂಚಿಗೆ ಬರ್ತಾವು. 2024ರ ಫೆಬ್ರುವರಿಯೊಳಗ ನಿಯಮಾನೂ ಬಂತು, ಇಟ್ಕೊಂಡವ್ರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್ಲಿನ್ಯಾಗ ನೋಂದಣಿ ಮಾಡಸ್ಬೇಕು. ಫಿಶ್ ಟ್ಯಾಂಕ್ ಬಿಲ್ ಹಿಡಕೊಂಡು ಏನಂತ ನೋಂದಣಿ ಮಾಡಸ್ಲಿ? ಕೇಳಿದ್ರ ಅವ ಏನಂದ: "ಅದು ಬ್ರಾಕಿಪೆಲ್ಮಾ ಅಲ್ಲ ಬ್ರೋ ಈಗ, ಹೆಸರು ಟ್ಲಿಲ್ಟೊಕಾಟ್ಲ್ ಅಂತ ಚೇಂಜ್ ಆಗಿದೆ. ಸೋ ಕಾನೂನು ಅಪ್ಲೈ ಆಗಲ್ಲ." ಇವೆರಡೂ ಈ ಜೇಡದ ಪಂಗಡದ ವೈಜ್ಞಾನಿಕ ಹೆಸರು, ಒಂದು ಹಳೇದು, ಒಂದು ಹೊಸಾದು. ವಿಜ್ಞಾನಿಗಳು ಹೆಸರು ಬದಲಿಸಿದ್ರ ಜೇಡ ಪಟ್ಟಿಯಿಂದ ಹೊರಗ ಬೀಳೂದಿಲ್ಲ. ಅದನ್ನ ಬಾಯಿಪಾಠ ಮಾಡಿಟ್ಟಾನ ಅಂದ್ರ ನನಗಿಂತ ಮೊದಲ ಎಷ್ಟು ಮಂದಿಗೆ ಹೇಳಿರಬೇಕು?

ರೊಕ್ಕ ವಾಪಸ್ ಕೊಡು, ಇಲ್ಲಂದ್ರ ಕಂಪ್ಲೇಂಟ್ ಕೊಡ್ತೇನಿ ಅಂದೆ. ಅವನ ಕಡೀ ಮೆಸೇಜ್:

"ಕೊಡಿ ಗುರು. ಜೇಡ ಯಾರ್ ಮನೇಲಿದೆ? ಪೇಪರ್ ಯಾರತ್ರ ಇಲ್ಲ? ಫಾರೆಸ್ಟ್‌ನೋರು ಮೊದ್ಲು ಯಾರ್ ಬಾಗ್ಲು ತಟ್ತಾರೆ ಯೋಚ್ನೆ ಮಾಡಿ."

ಅದರ ಜೋಡಿ ಒಂದು ನಗೂ ಚಿತ್ರ. ಆಮ್ಯಾಲ ಬ್ಲಾಕ್.

ಆಗ ತಿಳೀತು ನೋಡ್ರಿ ಇವರ ಆಟ. ಪೇಪರ್ ಕೊಡಲಿಲ್ಲ ಅಂದ್ರ ಅದು ಮರತದ್ದಲ್ಲ, ಬೇಕಂತನ ಕೊಡೂದಿಲ್ಲ. ಪೇಪರ್ ಇಲ್ಲದ ಮಾಲು ನಿಮ್ಮ ಮನ್ಯಾಗ ಬಂತಂದ್ರ ನಿಮ್ಮ ಬಾಯಿ ಮುಚ್ಚಿತು. ಗಂಡು ಕೊಟ್ರೂ ಸುಮ್ನಿರ್ಬೇಕು, ಸತ್ತದ್ದು ಕೊಟ್ರೂ ಸುಮ್ನಿರ್ಬೇಕು. ನಾ ಸುಮ್ನ ಇರಾವಲ್ಲ. ಬಿಲ್, ಚಾಟ್, ರೊಕ್ಕ ಹಾಕಿದ ದಾಖಲೆ, ಬಸ್ ನಂಬರ್ ಎಲ್ಲಾ ಪ್ರಿಂಟ್ ತಗಸೇನಿ, ವಕೀಲರೊಬ್ಬರನ್ನ ಕೇಳಿ ಅರಣ್ಯ ಇಲಾಖೆಗೆ ನಾನ ಮುಂದಾಗಿ ಅರ್ಜಿ ಕೊಡಾವ. ಜೇಡ ಹೋದ್ರ ಹೋಗಲಿ. ಪಾಪ, ಅದರದೇನು ತಪ್ಪು. ಅಲ್ಲೀತನಕ ನೀರು ಇಡ್ತೇನಿ, ಮುಟ್ಟಲಾರದ ಜೊಂಡಿಗ ತಗೀತೇನಿ.

ನೀವು ತಗೊಳ್ಳೋರಿದ್ರ: ಪೇಪರ್ ಮೊದಲ, ರೊಕ್ಕ ಆಮ್ಯಾಲ. ಪೇಪರಿನ್ಯಾಗ ಜೇಡದ ಹೆಸರು ಇರ್ಬೇಕು, ಫಿಶ್ ಟ್ಯಾಂಕ್ ಅಲ್ಲ. "ಹೆಣ್ಣು" ಅಂದ್ರ ಅದು ಬಿಟ್ಟ ಪೊರೆ ತೋರಸು ಅನ್ರಿ, ಪೊರೆಯ ಒಳಗ ನೋಡಿನ ಹೆಣ್ಣು ಅಂತ ಖಾತ್ರಿ ಮಾಡೂದು. ಜೀವಂತ ವಿಡಿಯೋ ಕಾಲ್ ಮಾಡಿಸಿ ಮುಂದಿನ ಕಾಲಿನ ಒಳಮಗ್ಗಲು ನೋಡ್ರಿ. ಕಿಟ್ ತಗೊಂಡ್ರನ ಕೊಡ್ತೇವಿ ಅಂದ್ರ ಫೋನ್ ಇಟ್ಟುಬಿಡ್ರಿ. ಬೆನ್ನ ಮ್ಯಾಲ ಮಲಗಿದ್ರ ಸತ್ತೈತಿ ಅಂತ ಅಲುಗಾಡಸಬ್ಯಾಡ್ರಿ, ಪೊರೆ ಬಿಡಾಕತ್ತಿರ್ತೈತಿ. ಕಾಲು ಹೊಟ್ಟಿ ಕೆಳಗ ಮುದುಡಿದ್ರ ಆಗ ಹೆದರ್ರಿ, ಲಗೂನ ನೀರು ಕೊಡ್ರಿ. ಇದನ್ನೂ ಅವ ಹೇಳ್ಲಿಲ್ಲ, ನಾನ ಓದಿದ್ದು.

ಆ ಪೇಜ್ ಈಗ ಹೆಸರು ಬದಲಿಸೇತಿ. ವಿಡಿಯೋ ಮಾತ್ರ ಅದಾ: ಹಸಿರು ಟವೆಲ್, ಅದರ ಮ್ಯಾಲ ದಪ್ಪ ಹೊಟ್ಟಿ ಜೇಡ, ಹಿಂದ ಕುಕ್ಕರ್ ಸೀಟಿ ಹೊಡಿಯೋ ಸಪ್ಪಳ. ಮೊನ್ನೆ ಹಾವೇರಿ ಕಡಿ ಹುಡುಗ ಒಬ್ಬ, "ಅಣ್ಣಾ ನಾನೂ ಅಡ್ವಾನ್ಸ್ ಹಾಕೇನಿ, ಕಿಟ್ ನಾಳೆ ಬರ್ತೈತಿ" ಅಂತ ಮೆಸೇಜ್ ಮಾಡಿದ್ದ. ಕುಕ್ಕರ್ ಸೀಟಿ ಕೇಳ್ತೈತೇನು ಅಂತ ಕೇಳಿದೆ. ಹೌದಂದ. ಉಳದ ರೊಕ್ಕ ಹಾಕಬ್ಯಾಡ ಅಂತ ಹೇಳೇನಿ.